ಶುಗರ್ ಇದೆ, ಮಗುನೂ ಬೇಕು: ತಯಾರಿ ಯಾವಾಗ ಶುರು?

ಇವತ್ತಿನ ಮಾತು, ಬಸುರಿ ಆಗೋಕೆ ಮೊದಲೇ ಶುಗರ್ ಇರೋ ಹೆಣ್ಮಕ್ಕಳ ಬಗ್ಗೆ. ಗರ್ಭಿಣಿಯಾದಾಗ ಹೊಸದಾಗಿ ಕಾಣಿಸಿಕೊಳ್ಳೋ ಶುಗರ್ ಬೇರೆ, ಇದು ಬೇರೆ.

ಯಾಕೆ ಅಂದ್ರೆ, ಮಗುವಿನ ಹೃದಯ, ಮೆದುಳು, ಬೆನ್ನುಹುರಿ ರೂಪ ತಗೊಳ್ಳೋದು ಮೊದಲ ಎಂಟು ವಾರದಲ್ಲಿ. ಮುಟ್ಟು ನಿಂತಿದೆ ಅಂತ ಗೊತ್ತಾಗಿ, ಆಶಾ ಅಕ್ಕನಿಗೆ ಹೇಳಿ, ತಾಯಿ ಕಾರ್ಡ್ ಮಾಡಿಸೋ ಹೊತ್ತಿಗೆ ಆ ಕಾಲ ಹೆಚ್ಚುಕಮ್ಮಿ ಮುಗಿದೇ ಹೋಗಿರುತ್ತೆ. ಆ ವಾರಗಳಲ್ಲಿ ಶುಗರ್ ಜಾಸ್ತಿ ಇದ್ರೆ ಗರ್ಭಪಾತ, ಅಂಗದೋಷದ ಅಪಾಯ ಹೆಚ್ಚು. ಹಾಗಾಗಿ ತಯಾರಿ ಶುರುವಾಗಬೇಕಾದ್ದು ಬಸುರಿಗೆ ಮೂರು ತಿಂಗಳ ಮೊದಲೇ.

ಮೊದಲು ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿ. ಮೂರು ತಿಂಗಳ ಸರಾಸರಿ ಗೊತ್ತಾಗುತ್ತೆ. 6.5ಕ್ಕಿಂತ ಕಡಿಮೆ ಇದ್ರೆ ಒಳ್ಳೇದು. 10 ದಾಟಿದ್ರೆ ಸದ್ಯಕ್ಕೆ ಬಸುರಿ ಮುಂದೂಡಿ ಅಂತಾರೆ ಡಾಕ್ಟರು. ಫೋಲಿಕ್ ಆಸಿಡ್ ಮಾತ್ರೆ ಆಗಲೇ ಶುರು ಮಾಡ್ಬೇಕು. ಶುಗರ್ ಇರೋರಿಗೆ ಸಾಮಾನ್ಯವಾಗಿ 5 ಎಂಜಿ ಬರೀತಾರೆ. ಬಿಪಿಗೆ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ ನುಂಗ್ತಿದ್ರೆ ಅವನ್ನ ಬದಲಾಯಿಸ್ಬೇಕಾಗುತ್ತೆ. ನೀವಾಗೇ ನಿಲ್ಲಿಸಬೇಡಿ, ಚೀಟಿ ತೋರಿಸಿ ಕೇಳಿ. ಕಣ್ಣು, ಕಿಡ್ನಿ ಪರೀಕ್ಷೆನೂ ಆಗಲೇ ಮುಗಿಸಿ.

ಬಸುರಿ ಆದ್ಮೇಲೆ ಗುರಿ ಇಷ್ಟು: ಖಾಲಿ ಹೊಟ್ಟೇಲಿ 95ರ ಒಳಗೆ, ಊಟ ಆಗಿ ಎರಡು ಗಂಟೆಗೆ 120ರ ಒಳಗೆ. ಇನ್ಸುಲಿನ್ ಮಗುವಿಗೆ ತೊಂದರೆ ಮಾಡಲ್ಲ. ವಾಂತಿ ಆಗ್ತಿದೆ, ಉಪವಾಸ ಇದೆ ಅಂತ ಅದನ್ನ ಬಿಟ್ಟುಬಿಡೋದೇ ಅಪಾಯ. ಕೈ ನಡುಗಿ, ಬೆವರು ಬಂದು, ಶುಗರ್ 70ಕ್ಕಿಂತ ಇಳಿದ್ರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡೀರಿ.

ಇನ್ನು ಊಟ. ರಾಗಿ ಮುದ್ದೆ ಉಂಡ್ರೆ ಶುಗರ್ ಏರಲ್ಲ ಅನ್ನೋ ಮಾತು ನಮ್ಮ ಕಡೆ ಜಾಸ್ತಿ. ಮುದ್ದೇಲೂ ಪಿಷ್ಟ ಇದೆ. ಸಣ್ಣ ಮುದ್ದೆ, ಜಾಸ್ತಿ ಸೊಪ್ಪು, ಕಾಳಿನ ಸಾರು ಇರಲಿ. ಅಂಗನವಾಡೀಲಿ ಮಾತೃಪೂರ್ಣ ಊಟ ಮಾಡೋರು ಮೊಟ್ಟೆ, ಹಾಲು ಬಿಡಬೇಡಿ. ಶೇಂಗಾ ಚಿಕ್ಕೀಲಿ ಬೆಲ್ಲ ಇರುತ್ತೆ, ಅದನ್ನ ಡಾಕ್ಟರನ್ನ ಕೇಳಿ ತಿನ್ನಿ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಅಲ್ಲಿ ಮೊದಲ ಮಾತಲ್ಲೇ "ನನಗೆ ಮುಂಚಿನಿಂದ ಶುಗರ್ ಇದೆ" ಅನ್ನಿ. ಹೆರಿಗೆ ಎಲ್ಲಿ ಅಂತ ಮೊದಲೇ ತೀರ್ಮಾನ ಆಗಲಿ. ಹುಟ್ಟಿದ ಮಗುವಿಗೆ ಶುಗರ್ ಕುಸಿಯೋ ಸಾಧ್ಯತೆ ಇರೋದ್ರಿಂದ, ನವಜಾತ ಶಿಶು ಘಟಕ ಇರೋ ಕಡೆ ಆದ್ರೆ ಒಳ್ಳೇದು. ಮಗುವಿಗೆ ಅರ್ಧ ಗಂಟೆಯೊಳಗೆ ಎದೆಹಾಲು ಕೊಡಿ.

ಕೊನೇದಾಗಿ ಒಂದು ಮಾತು, ಗಂಡಸರಿಗೆ. ಎಷ್ಟೋ ಹೆಣ್ಮಕ್ಕಳು ಅತ್ತೆ ಮನೇಲಿ ಶುಗರ್ ವಿಷಯ ಬಚ್ಚಿಟ್ಟು ಬದುಕ್ತಾರೆ. ಕದ್ದುಮುಚ್ಚಿ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ತಗೊಳ್ಳೋಕಾಗಲ್ಲ. ನಿಮ್ಮ ಅಮ್ಮನ ಹತ್ರ ಈ ವಿಷಯ ನೀವೇ ಮಾತಾಡಿ. ಅದೂ ಚಿಕಿತ್ಸೆಯ ಒಂದು ಭಾಗಾನೇ.

ಮುಂದಿನ ವಾರ ಸಿಗೋಣ.