ಕಲ್ಲಿನೊಳಗಿನ ಗಾಳಿ, ಕೇಕಿನೊಳಗಿನ ಗಾಳಿ

ಡಿಸೆಂಬರ್ ಅರ್ಧ ದಾಟಿತೆಂದರೆ ವಾಡಿಯ ರೈಲ್ವೆ ಕ್ವಾರ್ಟರ್ಸುಗಳಲ್ಲಿ, ಶಹಾಬಾದಿನ ಓಣಿಗಳಲ್ಲಿ ಕೆಲವು ಮನೆಗಳ ಮುಂದೆ ಕಾಗದದ ನಕ್ಷತ್ರ ತೂಗುತ್ತದೆ. ಗೋಡೆಗೆ ಹೊಸ ಸುಣ್ಣ ಬೀಳುತ್ತದೆ. ಒಳಗೆ ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ ಕರಿಯುವ ವಾಸನೆ. ಹಬ್ಬದ ದಿನ ಹೂರಣದ ಹೋಳಿಗೆ. ಇವೆಲ್ಲ ನಮ್ಮ ಬೇರೆ ಹಬ್ಬಗಳಿಗೂ ಬರುವ ತಿನಿಸುಗಳೇ. ಕ್ರಿಸ್‌ಮಸ್ಸಿಗೆಂದೇ ಬರುವುದು ಕೇಕು. ಮನೆಯಲ್ಲಿ ಓವನ್ ಇಲ್ಲದಿದ್ದರೂ ಅದು ನಿಲ್ಲುವುದಿಲ್ಲ. ಕುಕ್ಕರಿನ ತಳಕ್ಕೆ ಮರಳನ್ನೋ ಉಪ್ಪನ್ನೋ ಹರಡಿ, ಮೇಲೊಂದು ಚಿಕ್ಕ ಪಾತ್ರೆ ಇಟ್ಟು, ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ.

ಇಟ್ಟಾಗ ಹಿಟ್ಟು ಪಾತ್ರೆಯ ಅರ್ಧದಷ್ಟಿತ್ತು. ಮುಕ್ಕಾಲು ತಾಸು ಕಳೆದು ಮುಚ್ಚಳ ತೆಗೆದರೆ ಅಂಚಿನವರೆಗೆ ಏರಿದೆ. ನಡುವೆ ಯಾರೂ ಏನೂ ಹಾಕಿಲ್ಲ! ಒಂದು ತುಂಡು ಮುರಿದು ಬೆಳಕಿಗೆ ಹಿಡಿದು ನೋಡಿ, ತುಂಬಾ ಸಣ್ಣ ಸಣ್ಣ ತೂತುಗಳು. ಬೆಣ್ಣೆ ಸಕ್ಕರೆ ತಿರುವುವಾಗ ಸೇರಿಕೊಂಡ ಗಾಳಿ, ಬಿಸಿಗೆ ಎದ್ದ ನೀರಿನ ಆವಿ ಇವೂ ಒಂದಿಷ್ಟು ಕೆಲಸ ಮಾಡಿವೆ. ಆದರೆ ದೊಡ್ಡ ಪಾಲು ಇಂಗಾಲದ ಡೈಆಕ್ಸೈಡ್ ಎಂಬ ಅನಿಲದ್ದು. ಅದು ಹೊರಟದ್ದು ಚಿಟಿಕೆ ಅಡುಗೆ ಸೋಡಾದಿಂದ.

ಒಂದು ಬಟ್ಟಲಲ್ಲಿ ಹುಳಿ ಮೊಸರು ತೆಗೆದುಕೊಂಡು ಸ್ವಲ್ಪ ಸೋಡಾ ಉದುರಿಸಿ. ಕೂಡಲೇ ನೊರೆ ಏಳುತ್ತದೆ. ಸೋಡಾದೊಳಗೆ ಈ ಅನಿಲ ಬೇರೆ ಧಾತುಗಳ ಜೊತೆ ಕೂಡಿಕೊಂಡು ಪುಡಿಯ ರೂಪದಲ್ಲಿರುತ್ತದೆ. ಮೊಸರಿನ ಹುಳಿ, ಅಂದರೆ ಆಮ್ಲ, ತಾಗಿದೊಡನೆ ಬಿಡುಗಡೆಯಾಗುತ್ತದೆ. ಒಂದು ಚಮಚ ಸೋಡಾ ಸುಮಾರು 5 ಗ್ರಾಂ. ಸಾಕಷ್ಟು ಹುಳಿ ಸಿಕ್ಕರೆ ಅಷ್ಟರಿಂದಲೇ ಒಂದು ಲೀಟರಿಗೂ ಹೆಚ್ಚು ಅನಿಲ ಹೊರಡುತ್ತದೆ. ಮೊಸರು ಸೋಡಾ ಕಲಸಿದ ಹಿಟ್ಟನ್ನು ತಡಮಾಡದೆ ಒಲೆಗೇರಿಸಬೇಕು ಎಂದು ಅವ್ವ ಅವಸರ ಮಾಡುವುದು ಅದಕ್ಕೇ. ತಡವಾದರೆ ಗಾಳಿಯೆಲ್ಲ ಅಡುಗೆಮನೆಗೆ ಹೋಗಿ ಕೇಕು ಚಪ್ಪಟೆಯಾಗುತ್ತದೆ. ಹಾಗೆಂದು ಸೋಡಾ ಹೆಚ್ಚು ಸುರಿಯಬಾರದು. ಹುಳಿ ಸಾಲದೆ ಉಳಿದ ಸೋಡಾ ಬಿಸಿಗೆ ಬೇರೊಂದು ಕ್ಷಾರವಾಗಿ, ಕೇಕಿಗೆ ಸಬ್ಬುಕಾರದ ರುಚಿ ಕೊಡುತ್ತದೆ.

ಅನಿಲ ಹುಟ್ಟಿದರೆ ಸಾಲದು, ಅದನ್ನು ಹಿಡಿದಿಡಬೇಕು. ಮೈದಾಹಿಟ್ಟಿಗೆ ನೀರು ಬಿದ್ದಾಗ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಗುಳ್ಳೆಗಳು ಈ ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಜೋಳದ ಹಿಟ್ಟಿನಲ್ಲಿ ಈ ಹೆಣಿಗೆ ಇಲ್ಲ. ರೊಟ್ಟಿಗೆ ಕುದಿಯುವ ನೀರು ಹಾಕಿ ನಾದುವುದು ಏಕೆ ಗೊತ್ತೇ? ಬಿಸಿಗೆ ಜೋಳದ ಪಿಷ್ಟ ಅಂಟಾಗುತ್ತದೆ, ಗ್ಲುಟೆನ್ ಇಲ್ಲದ ಕೊರತೆಯನ್ನು ಆ ಅಂಟು ನೀಗಿಸುತ್ತದೆ. ನಮ್ಮ ಹಿರಿಯ ಹೆಂಗಸರು ಇದನ್ನು ಯಾವ ಪುಸ್ತಕವೂ ಇಲ್ಲದೆ ಕಂಡುಕೊಂಡರು ಎಂಬುದು ನನಗೆ ದೊಡ್ಡ ವಿಜ್ಞಾನವಾಗಿಯೇ ಕಾಣುತ್ತದೆ.

ಕೇಕಿನಲ್ಲಿ ಗುಳ್ಳೆ ಹಿಗ್ಗುತ್ತ ಹೋದಂತೆ ಸುತ್ತಲಿನ ಮೊಟ್ಟೆ ಗಟ್ಟಿಯಾಗುತ್ತದೆ, ಪಿಷ್ಟ ಬೇಯುತ್ತದೆ, ತೂತುಗಳ ಗೋಡೆ ನಿಲ್ಲುತ್ತದೆ. ಗೋಡೆ ಗಟ್ಟಿಯಾಗುವ ಮೊದಲೇ ಮುಚ್ಚಳ ತೆಗೆದು ಇಣುಕಿದರೆ ತಣ್ಣನೆಯ ಗಾಳಿ ನುಗ್ಗಿ ಗುಳ್ಳೆಗಳು ಕುಗ್ಗುತ್ತವೆ, ನಡುಭಾಗ ಕುಸಿಯುತ್ತದೆ. ಕುಕ್ಕರಿನ ಸೀಟಿ ಮತ್ತು ರಬ್ಬರ್ ತೆಗೆದೇ ಕೇಕು ಮಾಡುತ್ತಾರೆ, ಇಲ್ಲಿ ನಮಗೆ ಒತ್ತಡ ಬೇಡ, ಒಣ ಬಿಸಿ ಬೇಕು. ಇಡ್ಲಿ ಬೇಯುವುದು ಹಬೆಯಲ್ಲಿ. ಅಲ್ಲಿ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಇಡ್ಲಿ ಬೆಳ್ಳಗೇ ಉಳಿಯುತ್ತದೆ. ಕೇಕಿನ ಮೇಲ್ಮೈ ಒಣಗಿ 140 ಡಿಗ್ರಿ ದಾಟಿದಾಗ ಸಕ್ಕರೆ ಮತ್ತು ಪ್ರೋಟೀನು ಸೇರಿ ಕಂದು ಬಣ್ಣ ಬರುತ್ತದೆ, ಘಮ ಏಳುತ್ತದೆ. ಇದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್. ಚಕ್ಕುಲಿ ಕೆಂಪಗಾಗುವುದೂ ಹೀಗೆಯೇ.

ಈಗ ನಿಮ್ಮ ಕಾಲ ಕೆಳಗೆ ನೋಡಿ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಮನೆಯಾದರೆ ನೆಲಕ್ಕೆ ಹಾಸಿರುವುದು ಬಹುಶಃ ಪರಸಿ ಕಲ್ಲು. ಹೊರಗಿನವರು ಇದನ್ನು ಶಹಾಬಾದ್ ಕಲ್ಲು ಎಂದೇ ಕೇಳಿ ಕೊಳ್ಳುತ್ತಾರೆ. ಅದರ ಮೇಲೆ ನಿಂಬೆರಸ ಬಿದ್ದು ಹಾಗೇ ಉಳಿದರೆ ಹೊಳಪು ಹೋಗಿ ಮಾಸಲು ಕಲೆಯಾಗುವುದನ್ನು ನೀವು ಕಂಡಿರಬಹುದು. ಕಲ್ಲು ಕೊಯ್ಯುವ ಜಾಗದಿಂದ ಚಮಚದಷ್ಟು ಪುಡಿಯನ್ನು ದೊಡ್ಡವರ ಕೈಯಲ್ಲಿ ತರಿಸಿ, ಗಾಜಿನ ಲೋಟಕ್ಕೆ ಹಾಕಿ, ನಿಂಬೆರಸ ಹಿಂಡಿ. ನೀವೇ ಕಲ್ಲು ಒಡೆಯಲು ಹೋಗಬೇಡಿ, ಚೂರು ಕಣ್ಣಿಗೆ ಸಿಡಿಯುತ್ತದೆ. ಲೋಟದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಗ್ರಾನೈಟಿನ ಪುಡಿಗೆ ಇದೇ ರಸ ಹಾಕಿದರೆ ಏನೂ ಆಗುವುದಿಲ್ಲ. ಪರಸಿಯಿಂದ ಬಂದ ಗುಳ್ಳೆಗಳಲ್ಲಿ ಇರುವುದು ಕೇಕನ್ನು ಉಬ್ಬಿಸಿದ ಅದೇ ಅನಿಲ!

ಪರಸಿ ಎಂದರೆ ಸುಣ್ಣದ ಕಲ್ಲು, ಅದರ ಮುಖ್ಯ ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ನೆಲದ ಮೇಲೆ ಆಗ ಮರವಿಲ್ಲ, ಹುಲ್ಲೂ ಇಲ್ಲ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಈ ಅನಿಲದೊಡನೆ ಕೂಡಿ ತಳಕ್ಕೆ ಇಳಿಯುತ್ತಾ, ಪದರದ ಮೇಲೆ ಪದರ ಕೂರುತ್ತಾ ಕಲ್ಲಾಯಿತು. ಇಂದಿಗೂ ಗಣಿಯಲ್ಲಿ ಕಲ್ಲು ಹಾಳೆಹಾಳೆಯಾಗಿ ಬಿಡುವುದು ಆ ಪದರಗಳಿಂದಲೇ.

ಕಲ್ಲಿನಲ್ಲಿ ಗಾಳಿ ಇರಬಹುದೆಂದು ತೂಕ ಮಾಡಿ ತೋರಿಸಿದವರು ಸ್ಕಾಟ್ಲೆಂಡಿನ ವೈದ್ಯ ಜೋಸೆಫ್ ಬ್ಲ್ಯಾಕ್. ಕಾಯಿಸಿದಾಗ ಅಂಥ ಖನಿಜಗಳ ತೂಕ ಕಡಿಮೆಯಾಗುತ್ತದೆ, ಕಳೆದುಹೋದದ್ದು ಗಾಳಿಯಂಥ ಒಂದು ವಸ್ತು ಎಂದು 1756ರಲ್ಲಿ ಅವರು ಪ್ರಕಟಿಸಿದರು. ಶುದ್ಧ ಸುಣ್ಣದ ಕಲ್ಲು 100 ಕಿಲೊ ಸುಟ್ಟರೆ 44 ಕಿಲೊ ಅನಿಲವಾಗಿ ಹೋಗುತ್ತದೆ, 56 ಕಿಲೊ ಸುಟ್ಟ ಸುಣ್ಣ ಉಳಿಯುತ್ತದೆ. ಕಲ್ಲಿನ ಹತ್ತಿರ ಹತ್ತಿರ ಅರ್ಧ ಭಾಗ! ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಹಗಲಿರುಳು ನಡೆಯುವುದು ಇದೇ. ಉದ್ದನೆಯ ತಿರುಗುವ ಕುಲುಮೆಯಲ್ಲಿ ಸುಣ್ಣದ ಕಲ್ಲು, ಜೇಡಿ ಮುಂತಾದವನ್ನು ಸುಮಾರು 1450 ಡಿಗ್ರಿಯವರೆಗೆ ಕಾಯಿಸುತ್ತಾರೆ. ಮನುಷ್ಯರಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಪ್ರಪಂಚದ ಸಿಮೆಂಟ್ ತಯಾರಿಕೆಯದು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಇದೂ ಒಂದು ಕಾರಣ. ಈ ಪಾಲನ್ನು ಹೇಗೆ ತಗ್ಗಿಸಬಹುದೆಂದು ಎಂಜಿನಿಯರುಗಳು ಹುಡುಕುತ್ತಿದ್ದಾರೆ. ವಾಡಿಯ ಹುಡುಗಿಯೊಬ್ಬಳು ನಾಳೆ ಆ ದಾರಿ ಕಂಡುಹಿಡಿದರೆ ನನಗೆ ಆಶ್ಚರ್ಯವಾಗದು.

ಹೊರಟ ಗಾಳಿ ಹಿಂದಿರುಗುವುದೂ ಉಂಟು. ಹಬ್ಬಕ್ಕೆ ಗೋಡೆಗೆ ಬಳಿದ ಸುಣ್ಣ ದಿನಗಳು ಕಳೆದಂತೆ ಗಟ್ಟಿಯಾಗುತ್ತದೆ. ಸುತ್ತಲಿನ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತಿರುತ್ತದೆ. ಅಂದರೆ ನಿಮ್ಮ ಗೋಡೆಯ ಮೇಲೆ ತೆಳ್ಳನೆಯ ಹೊಸ ಸುಣ್ಣದ ಕಲ್ಲೊಂದು ಹುಟ್ಟುತ್ತಿದೆ. ಇಡೀ ಸಂಗತಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಇದು.

ಅಡುಗೆ ಸೋಡಾದೊಳಗೆ ಈ ಅನಿಲ ಸೇರಿದ್ದು ಹೇಗೆ? ಅದೂ ಕಲ್ಲಿನಿಂದಲೇ. ಬೆಲ್ಜಿಯಮಿನ ಅರ್ನೆಸ್ಟ್ ಸಾಲ್ವೇ 1861ರಲ್ಲಿ ಒಂದು ವಿಧಾನಕ್ಕೆ ಪೇಟೆಂಟ್ ಪಡೆದರು. ಸುಣ್ಣದ ಕಲ್ಲನ್ನು ಸುಟ್ಟು ಬರುವ ಅನಿಲವನ್ನು ಅಮೋನಿಯಾ ಬೆರೆಸಿದ ಉಪ್ಪುನೀರಿನಲ್ಲಿ ಹಾಯಿಸುತ್ತಾರೆ. ತಳದಲ್ಲಿ ಕೂರುವ ಬಿಳಿ ಪುಡಿಯೇ ಸೋಡಿಯಂ ಬೈಕಾರ್ಬೊನೇಟ್, ನಮ್ಮ ಅಡುಗೆ ಸೋಡಾ. ಗುಜರಾತಿನ ಮಿಠಾಪುರದಲ್ಲಿ 1939ರಲ್ಲಿ ಸ್ಥಾಪನೆಯಾದ ಟಾಟಾ ಕೆಮಿಕಲ್ಸ್ ಸಮುದ್ರದ ಉಪ್ಪು ಮತ್ತು ಸುಣ್ಣದ ಕಲ್ಲಿನಿಂದ ಸೋಡಾ ತಯಾರಿಸುತ್ತ ಬಂದಿದೆ. ಅಲ್ಲಿಯದು ಶಹಾಬಾದಿನ ಕಲ್ಲಲ್ಲ, ಆದರೆ ಜಾತಿ ಒಂದೇ. ಅಂಗಡಿಯ ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆಗೆ ಒಣ ಆಮ್ಲವೂ ಪಿಷ್ಟವೂ ಇರುತ್ತವೆ. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1843ರಲ್ಲಿ ಅಂಥದ್ದೊಂದನ್ನು ಮಾಡಿದ್ದು, ಈಸ್ಟ್ ಒಗ್ಗದ ತಮ್ಮ ಹೆಂಡತಿಗಾಗಿ.

ಸುಣ್ಣದ ಕಲ್ಲಿನ ನಾಡಿನಲ್ಲಿ ಅಡುಗೆಯ ತೊಂದರೆಗಳೂ ಆ ಕಲ್ಲಿನವೇ. ಮಳೆನೀರು ಕಲ್ಲಿನ ಸಂದಿಯಲ್ಲಿ ಇಳಿಯುವಾಗ ಸ್ವಲ್ಪ ಸ್ವಲ್ಪ ಸುಣ್ಣ ಕರಗಿಸಿಕೊಂಡು ಬರುತ್ತದೆ. ಅದೇ ಗಡಸು ನೀರು. ಬಾವಿ, ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದು ಆ ಸುಣ್ಣವೇ. ಹೋಳಿಗೆಗೆ ಬೇಳೆ ಮೆತ್ತಗೆ ಬೇಯಬೇಕು. ಆದರೆ ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ನಿಗೆ ಹಿಡಿದು ಅದನ್ನು ಗಟ್ಟಿಮಾಡುತ್ತದೆ. ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಚಿಟಿಕೆ ಸೋಡಾ ಹಾಕಿದರೆ ಪೆಕ್ಟಿನ್ ಸಡಿಲವಾಗುತ್ತದೆ. ಚಿಟಿಕೆ ಸಾಕು, ಹೆಚ್ಚಾದರೆ ಬೇಳೆಯ ಬಿ1 ಜೀವಸತ್ವ ನಷ್ಟವಾಗುತ್ತದೆ. ಹುಳಿ ಇದಕ್ಕೆ ತದ್ವಿರುದ್ಧ, ಬೇಯುವುದನ್ನು ತಡೆಯುತ್ತದೆ. ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಕಾಳುಗಳೆಲ್ಲ ಬೆಂದ ಮೇಲೆ ಹುಣಸೆ ಬಿಡುವುದು ಅದರಿಂದ. ಆ ಹಬ್ಬ ಕೆಲವು ವರ್ಷ ಕ್ರಿಸ್‌ಮಸ್ಸಿನ ಆಚೀಚೆಯೇ ಬರುತ್ತದೆ. 2022ರಲ್ಲಿ ಡಿಸೆಂಬರ್ 23ರಂದು, 2024ರಲ್ಲಿ ಡಿಸೆಂಬರ್ 30ರಂದು ಬಂದಿತ್ತು. ಅಂಥ ವರ್ಷಗಳಲ್ಲಿ ಚಿಂಚೋಳಿಯ ಹೊಲಗಳಲ್ಲಿ ಭಜ್ಜಿ, ಸಜ್ಜೆ ಕಡುಬು ಉಣ್ಣುವ ವಾರದಲ್ಲೇ ವಾಡಿಯಲ್ಲಿ ಕೇಕು ಬೇಯುತ್ತಿರುತ್ತದೆ.

ಪರಸಿಯ ಪುಡಿ ಸಿಗದ ಊರಿನಲ್ಲಿದ್ದೀರಾ? ಕೇಕಿಗೆಂದು ತಂದ ಮೊಟ್ಟೆಯ ಚಿಪ್ಪಾದರೂ ಆದೀತು. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಶಹಾಬಾದಿನ ಕಲ್ಲಿನಲ್ಲಿರುವುದೇ. ಒಂದು ಇಡೀ ಹಸಿ ಮೊಟ್ಟೆಯನ್ನು ಗಾಜಿನ ಲೋಟದಲ್ಲಿಟ್ಟು ಮುಳುಗುವಷ್ಟು ವಿನೆಗರ್ ಹಾಕಿ, ಬಿಗಿ ಮುಚ್ಚಳ ಹಾಕದೆ ಇಡಿ. ಚಿಪ್ಪಿನ ತುಂಬ ಗುಳ್ಳೆಗಳು ಏಳುತ್ತವೆ. ಮರುದಿನ ವಿನೆಗರ್ ಬದಲಿಸಿ. ಎರಡು ದಿನದೊಳಗೆ ಚಿಪ್ಪು ಕರಗಿ, ಒಳಗಿನ ತೆಳ್ಳನೆಯ ಪೊರೆಯಷ್ಟೇ ಉಳಿದು ಮೊಟ್ಟೆ ಮೆತ್ತಗಾಗುತ್ತದೆ. ಬೆಳಕಿಗೆ ಹಿಡಿದರೆ ಒಳಗಿನ ಹಳದಿ ಕಾಣುತ್ತದೆ. ಸುತ್ತಳತೆಯನ್ನು ಮೊದಲೂ ಆಮೇಲೂ ದಾರದಿಂದ ಅಳೆದು ಬರೆದುಕೊಳ್ಳಿ, ಮೊಟ್ಟೆ ಕೊಂಚ ದಪ್ಪಗಾಗಿರುತ್ತದೆ. ಪೊರೆಯ ಮೂಲಕ ನೀರು ಒಳಗೆ ಹೋಗಿರುತ್ತದೆ. ಈ ಮೊಟ್ಟೆಯನ್ನು ತಿನ್ನಬಾರದು, ನೋಡಿ ಮುಗಿದ ಮೇಲೆ ಕೈಗಳನ್ನು ಸಾಬೂನು ಹಾಕಿ ತೊಳೆದುಕೊಳ್ಳಿ.