ಒಗ್ಗದ ಔಷಧದ ಹೆಸರು

ಸಹೋದರರೇ, ನಮ್ಮ ಮೊಹಲ್ಲಾದ ವೃದ್ಧರೊಬ್ಬರಿಗೆ ಜ್ವರ ಬಂದಾಗ ಮನೆಯಲ್ಲಿ ಉಳಿದಿದ್ದ ಅಮಾಕ್ಸಿಸಿಲಿನ್ ಮಾತ್ರೆ ಕೊಟ್ಟೆವು. ಹಿಂದೆ ಒಗ್ಗಿದ್ದ ಮಾತ್ರೆಯೇ. ಈ ಸಲ ಮೈಯೆಲ್ಲ ದದ್ದು, ತುಟಿ ಊತ, ಉಬ್ಬಸ. ‘ಉಷ್ಣವಾಗಿದೆ’ ಎಂದು ಮಜ್ಜಿಗೆ ಕುಡಿಸಿ ಕಾದು ಕುಳಿತವರೂ ನಾವೇ. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚಿದ ಮೇಲೆ ಉಸಿರಾಟ ಸರಿಹೋಯಿತು, ಅಲ್‌ಹಮ್ದುಲಿಲ್ಲಾಹ್.

ಇಂಥದ್ದು ಕಂಡೊಡನೆ 108ಕ್ಕೆ ಕರೆ ಮಾಡೋಣ. ದುಆವನ್ನು ದಾರಿಯುದ್ದಕ್ಕೂ ಮಾಡಬಹುದು. ರೋಗಿಯನ್ನು ನಡೆಸಬಾರದು. ಅಲರ್ಜಿ ಮಾತ್ರೆಯೊಂದನ್ನೇ ನಂಬಿ ಕೂರುವಂತಿಲ್ಲ. ವೈದ್ಯ ತಿಳಿಯದವನು ಚಿಕಿತ್ಸೆ ಮಾಡಿದರೆ ಹಾನಿಗೆ ಅವನೇ ಹೊಣೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಮಾತ್ರೆ ಹಂಚುವ ನಾವೂ ಅದರಲ್ಲಿ ಸೇರಿದವರೇ! ಒಗ್ಗದ ಔಷಧದ ಹೆಸರನ್ನು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟು, ಪ್ರತಿಸಲವೂ ವೈದ್ಯರಿಗೆ ಮೊದಲು ತೋರಿಸೋಣ. ‘ಅದೇ ಆ ಕೆಂಪು ಮಾತ್ರೆ’ ಎಂದರೆ ಅವರಿಗೇನು ತಿಳಿದೀತು?