ಇನ್ವರ್ಟರ್ ಚಾಲೂ, ರೇಡಿಯೊ ಗೊರಗೊರ

ಕರೆಂಟು ಹೋದ ಕೂಡಲೇ ಇನ್ವರ್ಟರ್ ಚಾಲೂ ಆಗುತ್ತದೆ. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ. ಆದರೆ ಮೀಡಿಯಂ ವೇವ್ ರೇಡಿಯೊದಲ್ಲಿ ವಾರ್ತೆಯ ಬದಲು ಬರೀ ಗೊರಗೊರ ಸದ್ದು! ಊರಿನ ತೋಟದ ಮನೆಗೆ ಸೋಲಾರ್ ಹಾಕಿಸಿಕೊಂಡವರಿಗೂ ಇದೇ ತೊಂದರೆ ಬರಬಹುದು. ರೇಡಿಯೊವನ್ನು ರಿಪೇರಿಗೆ ಒಯ್ಯುವ ಮೊದಲು, ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ಎರಡು ದಪ್ಪ ತಂತಿಗಳನ್ನು ಒಮ್ಮೆ ಗಮನಿಸಿ.

12 ವೋಲ್ಟ್ ಬ್ಯಾಟರಿಯಿಂದ 600 ವಾಟ್ ಪಡೆಯಬೇಕಾದರೆ ಕನಿಷ್ಠ 50 ಆಂಪಿಯರ್ ವಿದ್ಯುತ್ ಹರಿಯಬೇಕು. ಅದೂ ಒಂದೇ ಸಮನೆ ಹರಿಯುವುದಿಲ್ಲ. ಸೈನ್ ವೇವ್ ಇನ್ವರ್ಟರ್ ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸುತ್ತದೆ. ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಇರುತ್ತದೆಂದು 1820ರಲ್ಲೇ ಅರ್ಸ್ಟೆಡ್ ತೋರಿಸಿದ್ದರು. ಒಂದು ತಂತಿಯಲ್ಲಿ ಹೋದ ವಿದ್ಯುತ್ ಇನ್ನೊಂದರಲ್ಲಿ ಹಿಂತಿರುಗುತ್ತದೆ. ತಂತಿಗಳು ಅಂಟಿಕೊಂಡಿದ್ದರೆ ಎರಡರ ಕ್ಷೇತ್ರಗಳೂ ಬಹುಮಟ್ಟಿಗೆ ಒಂದನ್ನೊಂದು ಅಳಿಸಿಬಿಡುತ್ತವೆ. ದೂರ ದೂರವಿದ್ದರೆ ನಡುವಿನ ಜಾಗವೇ ಆಂಟೆನಾದಂತೆ ವರ್ತಿಸುತ್ತದೆ.

ಮೊದಲು ಪರೀಕ್ಷೆ ಮಾಡಿ. ಸೆಲ್ ಹಾಕಿದ ಪುಟ್ಟ ರೇಡಿಯೊವನ್ನು ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ತಂತಿಗಳ ಹತ್ತಿರ ಹಿಡಿಯಿರಿ. ಸದ್ದು ಅಲ್ಲೇ ಜೋರಾದರೆ ಮೂಲ ಸಿಕ್ಕಿತು. ಎಲ್‌ಇಡಿ ಬಲ್ಬು ಅಥವಾ ಸೋಲಾರ್ ಚಾರ್ಜರ್ ಬಳಿ ಜೋರಾದರೆ ತಪ್ಪು ಅವುಗಳದ್ದು.

ಇನ್ನು ಪರಿಹಾರ. ಇನ್ವರ್ಟರ್ ಆಫ್ ಮಾಡಿಸಿ, ಬಲ್ಲ ಎಲೆಕ್ಟ್ರಿಷಿಯನ್‌ನಿಂದಲೇ ಈ ಕೆಲಸ ಮಾಡಿಸಿ. ಎರಡೂ ತಂತಿಗಳನ್ನು ಜೊತೆಯಾಗಿ ಹೊಸೆಯಬೇಕು. ದಪ್ಪವಾಗಿದ್ದು ಹೊಸೆಯಲು ಬಾರದಿದ್ದರೆ ಗೇಣಿಗೊಂದು ಕಡೆ ಟೇಪಿನಿಂದ ಕಟ್ಟಬೇಕು. ಉದ್ದ ಆದಷ್ಟು ಕಡಿಮೆಯಿರಲಿ, ಹೆಚ್ಚಾದದ್ದನ್ನು ಸುರುಳಿ ಸುತ್ತಿಡಬೇಡಿ. ಆದರೆ ಬ್ಯಾಟರಿಯ ಅನಿಲ ನೇರ ಇನ್ವರ್ಟರಿಗೆ ತಾಗುವಂತೆ ಇಡಬಾರದು. ಧನ ತಂತಿಯ ಫ್ಯೂಸು ಬ್ಯಾಟರಿಯ ಹತ್ತಿರವೇ ಇರಲಿ. ಇಷ್ಟಾದರೂ ಸದ್ದು ಉಳಿದರೆ ಫೆರೈಟ್ ಉಂಗುರ ಹಾಕಿಸಬಹುದು. ಎರಡೂ ತಂತಿ ಒಂದೇ ಉಂಗುರದೊಳಗೆ ಹೋಗಬೇಕು. ಒಂದನ್ನೇ ತೂರಿಸಿದರೆ ಭಾರೀ ವಿದ್ಯುತ್ತಿಗೆ ಉಂಗುರ ಕಾಂತದಿಂದ ತುಂಬಿಹೋಗಿ ಉಪಯೋಗಕ್ಕೆ ಬಾರದು.

ಖರ್ಚಿಲ್ಲದ ಉಪಾಯವೂ ಒಂದಿದೆ. ರೇಡಿಯೊವನ್ನು ಇನ್ವರ್ಟರಿನಿಂದ ದೂರವಿಟ್ಟು, ಕೂತಲ್ಲೇ ಮೆಲ್ಲನೆ ತಿರುಗಿಸಿ ನೋಡಿ. ಒಳಗಿನ ಆಂಟೆನಾ ಒಂದು ದಿಕ್ಕಿನಲ್ಲಿ ಆ ಸದ್ದನ್ನು ಕಡಿಮೆ ಹಿಡಿಯುತ್ತದೆ.

ಹತ್ತಿರ ಹತ್ತಿರ ಕಟ್ಟಿದ ತಂತಿಗಳಿಂದ ಇನ್ನೊಂದು ಲಾಭವಿದೆ. ವೋಲ್ಟೇಜಿನ ಏರಿಳಿತ ತಗ್ಗಿ, ಇನ್ವರ್ಟರಿನೊಳಗಿನ ಕೆಪಾಸಿಟರ್‌ಗಳ ಮೇಲಿನ ಹೊರೆಯೂ ಇಳಿಯುತ್ತದೆ. ಒಂದು ಸುರುಳಿ ಟೇಪಿನ ಖರ್ಚಿಗೆ ಇದು ಲಾಭವೇ ಸರಿ.